ಹೊಟ್ಟೆನೋವಿನ ಶಿಷ್ಟ ಭಾಷೆ

ನಮ್ಮ ನಗರದ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಭಾಷಾ ಪರೀಕ್ಷಾ ಮಂಡಳಿಯ ಅಧ್ಯಕ್ಷರಾಗಿರುವವರಿಗೆ,

ಮಾನ್ಯರೇ,

ಕಳೆದ ತಿಂಗಳು ತಾವು ನನ್ನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿಯನ್ನು ಬಲ್ಗೇರಿಯನ್ ಭಾಷೆಯಲ್ಲಿ ನಪಾಸು ಮಾಡಿದಿರಿ. ಕಾರಣವನ್ನೂ ಕೃಪೆಯಿಟ್ಟು ಹೇಳಿ ಕಳಿಸಿದಿರಿ: "ನೀವು ಮಾತಾಡ್ತಿರೋದು ಬಲ್ಗೇರಿಯನ್ನೇ ಅಲ್ಲ." ಆ ಹುಡುಗಿಗೆ ಮಾತು ಕಲಿಸಿದವಳು ನಾನು. ನಾನು ಹುಟ್ಟಿದ್ದು ಇದೇ ದೇಶದ ರೊಡೋಪಿ ಬೆಟ್ಟಗಳಲ್ಲಿ. ಅಪ್ಪ ಅಮ್ಮ ಅಲ್ಲಿಯವರೇ, ಅವರ ಅಪ್ಪ ಅಮ್ಮಂದಿರೂ ಅಲ್ಲಿಯವರೇ. ಈ ದೇಶದ ಗಡಿ ದಾಟಿ ಒಂದು ಹೆಜ್ಜೆಯನ್ನೂ ಇಡದ ನನಗೆ, ಎಪ್ಪತ್ತು ಕಳೆದ ಮೇಲೆ, ನಾನು ಇಷ್ಟು ವರ್ಷ ಆಡಿದ್ದು ಯಾವ ದೇಶದ ಭಾಷೆ ಎಂಬ ಚಿಂತೆ ಹತ್ತಿದೆ. ಬಲ್ಗೇರಿಯನ್ ಅಲ್ಲವಾದರೆ ಮತ್ತೇನು? ಗಂಡನ ಜೊತೆ ಜೀವಮಾನವಿಡೀ ಜಗಳವಾಡಿದ್ದು ಯಾವುದರಲ್ಲಿ? ಪುಣ್ಯಾತ್ಮನಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತಿತ್ತಲ್ಲ!

ಯಾವಳೋ ಬೆಟ್ಟದ ಮುದುಕಿ ಯಾರ ಕೈಲೋ ಬರೆಸಿದ್ದಾಳೆ ಎಂದುಕೊಳ್ಳಬೇಡಿ. ನಿವೃತ್ತಳಾಗುವವರೆಗೂ ಜಿಲ್ಲಾ ನ್ಯಾಯಾಲಯದಲ್ಲಿ ತೀರ್ಪುಗಳನ್ನು ಬೆರಳಚ್ಚು ಮಾಡಿದವಳು ನಾನು. 'ಸದರಿ', 'ಮೇಲ್ಕಾಣಿಸಿದ', 'ತತ್ಸಂಬಂಧವಾಗಿ' ಎಂಬ ಮಹನೀಯರೊಂದಿಗೆ ಹಗಲೆಲ್ಲ ಸಂಸಾರ ಮಾಡಿದ್ದೇನೆ. ಆದರೆ ಮನೆಗೆ ಬಂದು ಬೂಟು ಕಳಚುವಾಗ ಅವರನ್ನೂ ಬಾಗಿಲ ಹೊರಗೇ ಬಿಡುತ್ತಿದ್ದೆ. ಸದರಿ ಆಲೂಗಡ್ಡೆಯನ್ನು ಮೇಲ್ಕಾಣಿಸಿದ ಬಾಣಲೆಯಲ್ಲಿ ಹುರಿದರೆ ಯಾರಾದರೂ ಉಣ್ಣುತ್ತಾರೆಯೇ?

ಹುಡುಗಿಯ ಹೆಸರು ಮೆಕ್‌ಲಿತ್. ಇಥಿಯೋಪಿಯಾದಿಂದ ವೈದ್ಯಕೀಯ ಓದಲು ಬಂದವಳು. ತಮ್ಮಲ್ಲಿ ಹೊರದೇಶದ ಮಕ್ಕಳಿಗೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೂರನೇ ವರ್ಷಕ್ಕೆ ಆಸ್ಪತ್ರೆಯ ವಾರ್ಡಿಗೆ ಕಾಲಿಡಬೇಕಾದಾಗ ಮಾತ್ರ, ರೋಗಿಗಳೊಂದಿಗೆ ಮಾತಾಡಬೇಕಲ್ಲ, ಅದಕ್ಕೆ ನಮ್ಮ ಭಾಷೆಯಲ್ಲಿ ಪಾಸಾಗಬೇಕು. ಒಳ್ಳೆಯ ನಿಯಮ, ತಕರಾರಿಲ್ಲ. ನನ್ನ ತಕರಾರಿರುವುದು ತಾವು ರೋಗಿ ಎಂದರೆ ಯಾರೆಂದು ತಿಳಿದಿದ್ದೀರಿ ಎಂಬ ಬಗ್ಗೆ.

ಮೊದಲ ಚಳಿಗಾಲದಲ್ಲಿ ತಮ್ಮ ವಿದ್ಯಾರ್ಥಿನಿಲಯದ ನೀರಿನ ಕೊಳವೆ ಒಡೆದು ಅವಳ ಹಾಸಿಗೆ ಬಟ್ಟೆಯೆಲ್ಲ ತೊಯ್ದುಹೋಯಿತು. ಕೋಣೆ ಬಾಡಿಗೆಗಿದೆ ಎಂದು ನಾನು ಬೀದಿಬಾಗಿಲಿಗೆ ಅಂಟಿಸಿದ್ದನ್ನು ಯಾರೋ ತೋರಿಸಿದರಂತೆ. ಬಾಗಿಲು ತೆರೆದರೆ, ನೀರು ಸೋರುವ ಪೆಟ್ಟಿಗೆ ಹಿಡಿದು ಗಡಗಡ ನಡುಗುತ್ತ ನಿಂತಿದ್ದಾಳೆ. ತಮ್ಮ ತರಗತಿಯಲ್ಲಿ ಅಲ್ಲಿಯತನಕ ಕಲಿತಿದ್ದ ಒಂದೇ ವಾಕ್ಯವನ್ನು ಒಪ್ಪಿಸಿದಳು: "ಶುಭೋದಯ, ಮಾನ್ಯ ಮಹಿಳೆಯೇ. ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗುವ ಮಾರ್ಗ ಯಾವುದು?"

ಹೊತ್ತು ಮುಳುಗಿತ್ತು. ನಾನೆಂದೆ, "ಅದು ಮುಚ್ಚೈತಿ, ನನ ಕೂಸ. ಒಳಗ ಬಾ, ಸಾರು ಬಿಸಿ ಐತಿ."

ಅವಳ ಪಾಠ ಶುರುವಾದದ್ದು ಹೀಗೆ. ಹುರುಳಿಕಾಯಿ ಬಿಡಿಸುವಾಗ, ಆಲೂಗಡ್ಡೆ ತುರಿಯುವಾಗ, ಒಲೆಯ ಮುಂದೆ ಕೂತು ಕಂಡವರ ಮದುವೆ ಮುರಿದ ಕಥೆ ಹೇಳುವಾಗ. ವರ್ಷ ಕಳೆಯುವಷ್ಟರಲ್ಲಿ ನನ್ನನ್ನು 'ಆಯಿ' ಎನ್ನುತ್ತಿದ್ದಳು. ಎರಡನೇ ವರ್ಷಕ್ಕೆ ಸಂತೆಯಲ್ಲಿ ಟೊಮೆಟೊ ಮಾರುವವಳ ಜೊತೆ ನನಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಿದ್ದಳು. ನಮ್ಮ ಮೇಲಿನ ಮಹಡಿಯಲ್ಲಿ ಪೆಂಚೋ ಎಂಬ ಒಂಟಿ ಮುದುಕನಿದ್ದಾನೆ. ತೊಳೆದ ಕಂಬಳಿಯನ್ನು ಹಿಂಡದೆಯೇ ನಮ್ಮ ಒಣಬಟ್ಟೆಯ ಮೇಲೆ ಇಳಿಬಿಡುವುದು ಅವನ ಹಳೆಯ ರೂಢಿ. ಒಂದು ದಿನ ಮೆಕ್‌ಲಿತ್ ಬಾಲ್ಕನಿಯಿಂದ ಕತ್ತೆತ್ತಿ ಕೂಗಿದಳು:

"ಏ ಪೆಂಚೋ ಮಾವಾ! ನಿನ್ನ ಕಂಬಳಿ ನನ್ನ ಅಂಗಿ ಮ್ಯಾಲೆ ಅಳಾಕತ್ತೈತಿ! ಯಾರ್ ಸತ್ತಾರೋ?"

ಪೆಂಚೋ ನಗರದಲ್ಲೇ ಹುಟ್ಟಿ ಬೆಳೆದವನು. ಬಗ್ಗಿ ನೋಡಿ, ಪಕ್ಕದಲ್ಲಿದ್ದ ನನ್ನನ್ನು ಕಂಡು ಹಣೆ ಚಚ್ಚಿಕೊಂಡ. "ಅಯ್ಯೋ ಸೆವ್ದಾ, ನಿನ್ನೊಬ್ಬಳನ್ನ ತಡ್ಕೊಳ್ಳೋದೇ ಕಷ್ಟ ಆಗಿತ್ತು. ಈಗ ಇಬ್ಬರಾಗ್ಬಿಟ್ರಲ್ಲಪ್ಪ!"

ಇನ್ನು ಪರೀಕ್ಷೆಯ ದಿನ. ಸೆಕೆಯೆಂದು ತಾವು ಬಾಗಿಲು ತೆರೆದೇ ಇಟ್ಟಿದ್ದಿರಿ. ಮುಗಿದೊಡನೆ ಅವಳ ಬಾಯಿಗಿಡಬೇಕೆಂದು ಚೀಸು ತುಂಬಿ ಬೇಯಿಸಿದ ಬಾನಿತ್ಸಾದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಪಡಸಾಲೆಯಲ್ಲೇ ಕೂತಿದ್ದೆ. ಎಲ್ಲವನ್ನೂ ಕಿವಿಯಾರೆ ಕೇಳಿದ್ದೇನೆ. ತಮ್ಮ ಪಕ್ಕದ ಮೇಡಂ ರೋಗಿಯ ಪಾತ್ರ ಕಟ್ಟಿದರು.

"ವೈದ್ಯರೇ, ನನ್ನ ಉದರಭಾಗದಲ್ಲಿ ಕೊಂಚ ಅಸ್ವಸ್ಥತೆ ಉಂಟಾಗಿದೆ."

ಇಷ್ಟು ಸೊಗಸಾಗಿ ಹೇಳಬಲ್ಲ ಹೆಂಗಸಿಗೆ ಹೊಟ್ಟೆನೋವೇ ಇಲ್ಲ ಎಂಬುದನ್ನು ಕಂಡುಹಿಡಿಯಲು ವೈದ್ಯಕೀಯ ಓದಬೇಕೇ? ಆದರೂ ನನ್ನ ಹುಡುಗಿ ಕುರ್ಚಿ ಹತ್ತಿರಕ್ಕೆಳೆದಳು.

"ಬಾ ಯವ್ವಾ, ಕುಂದರ. ಬ್ಯಾನಿ ಎಲ್ಲೈತಿ, ಬಟ್ಟಿಟ್ಟು ತೋರ್ಸು."

"ಅಭ್ಯರ್ಥಿ, ರೋಗಿಯನ್ನು ಗೌರವದಿಂದ ಮಾತಾಡಿಸಿ."

"ಆತು. ಬರ್ರಿ ಯವ್ವಾ, ಕುಂದರ್ರಿ. ನಿನ್ನಿ ಏನ್ ತಿಂದಿದ್ರಿ? ಖರೇ ಹೇಳ್ರಿ. ಎಲ್ಲ್ಯರ ಮದವಿ ಊಟ ಇತ್ತೇನು?"

"ನಾನು ಲಘು ಆಹಾರವನ್ನಷ್ಟೇ ಸೇವಿಸಿದ್ದೆ."

"ಎಲ್ಲಾರೂ ಹಂಗ ಅಂತಾರ. ಇರ್ಲಿ, ಹೊರಕಡಿ ಹೆಂಗ ಆಗೇತಿ? ನೀರೋ, ಕಲ್ಲೋ?"

ಆಗ ತಾವು ನಕ್ಕಿರಿ, ಮಾನ್ಯರೇ. ಮೇಜು ತಟ್ಟಿ ತಟ್ಟಿ ನಕ್ಕಿರಿ. ಮೇಡಂ ಕೂಡ ಉದರಭಾಗ ಹಿಡಿದುಕೊಂಡು ನಕ್ಕರು, ಈ ಸಲ ನಿಜವಾಗಿಯೂ. ಪಾಸಾದಳು ಎಂದುಕೊಂಡು ನಾನು ತಟ್ಟೆಯ ಮೇಲಿನ ಬಟ್ಟೆ ತೆಗೆದಿದ್ದೆ. ನಗು ಮುಗಿದ ಮೇಲೆ ತಾವು ಗಂಟಲು ಸರಿಮಾಡಿಕೊಂಡು, ಇದು ಬಲ್ಗೇರಿಯನ್ನೇ ಅಲ್ಲ ಎಂದಿರಿ. "ಇದನ್ನೆಲ್ಲ ಎಲ್ಲಿ ಕಲಿತ್ರಿ?" ಎಂದೂ ಕೇಳಿದಿರಿ. "ಮನಿಯಾಗ" ಎಂದಳು ಅವಳು, ಬಹಳ ಮೆಲ್ಲಗೆ.

ತಿಳಿಯದೆ ಕೇಳುತ್ತೇನೆ: ಬಲ್ಗೇರಿಯನ್ ಅಲ್ಲದ ಭಾಷೆಯ ಮಾತಿಗೆ ಬಲ್ಗೇರಿಯನ್ ಪಂಡಿತರ ಮಂಡಳಿ ಅಷ್ಟೊಂದು ನಕ್ಕದ್ದು ಹೇಗೆ? ಅರ್ಥವಾಗಿ ನಕ್ಕಿರೋ, ಅರ್ಥವಾಗದೆ ನಕ್ಕಿರೋ? ಅರ್ಥವಾಗಿದ್ದರೆ ಅವಳು ಪಾಸು. ಅರ್ಥವಾಗದೆ ನಗುತ್ತಿದ್ದರೆ ಅದಕ್ಕೆ ಬೇರೆಯದೇ ವೈದ್ಯರಿದ್ದಾರೆ.

ಅಂದು ಬಾನಿತ್ಸಾವನ್ನು ಯಾರೂ ಮುಟ್ಟಲಿಲ್ಲ. ಭಾಷೆಯಲ್ಲಿ ಪಾಸಾಗದಿದ್ದರೆ ಮೂರನೇ ವರ್ಷವಿಲ್ಲ, ಮೂರನೇ ವರ್ಷಕ್ಕೆ ಸೇರದಿದ್ದರೆ ಈ ದೇಶದಲ್ಲಿರಲು ಅನುಮತಿಯಿಲ್ಲ. ಸಂಜೆ ಅವಳ ತಾಯಿ ಫೋನು ಮಾಡಿದರು. ಅವರ ಭಾಷೆ ನನಗೆ ಒಂದಕ್ಷರವೂ ಬಾರದು. ಆದರೆ ತಾಯಿಗೆ ಸುಳ್ಳು ಹೇಳುವ ದನಿ ಎಲ್ಲ ಭಾಷೆಯಲ್ಲೂ ಒಂದೇ.

ಮರುದಿನ ಊಟಕ್ಕೆ ಕೂತಾಗ ಹುಡುಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು: "ಮಾನ್ಯ ಮಹಿಳೆಯೇ, ದಯವಿಟ್ಟು ಉಪ್ಪನ್ನು ಇತ್ತ ನೀಡುವಿರಾ?"

"ತಗೋ. ಇದ್ಯಾಕ ಹಿಂಗ ಮಾತಾಡಾಕತ್ತಿ?"

"ನಾನು ಶುದ್ಧ ಭಾಷೆಯನ್ನು ಅಭ್ಯಾಸ ಮಾಡುತ್ತಿದ್ದೇನೆ."

ನನ್ನ ಮನೆಯಲ್ಲಿ 'ಆಯಿ' ಎಂಬ ಶಬ್ದ ನಿಂತುಹೋಯಿತು. ಅವಳು ಬಂದ ಆ ಮೊದಲ ಸಂಜೆ ಬಿಟ್ಟರೆ, 'ಮಾನ್ಯ ಮಹಿಳೆ' ಎಂದು ನನ್ನನ್ನು ಕರೆದವರು ಅಲ್ಲಿಯತನಕ ವಕೀಲರು ಮಾತ್ರ, ಅದೂ ಅವರಿಗೆ ತಪ್ಪು ತಿದ್ದಿಸಿಕೊಳ್ಳಬೇಕಾದಾಗ. ಉಪ್ಪು ದಾಟಿಸಿ ನನ್ನ ತಟ್ಟೆ ಎತ್ತಿಟ್ಟೆ. ಎರಡು ದಿನ ಬಿಟ್ಟು ಪೆಂಚೋ ಮೆಟ್ಟಿಲಿಳಿದು ಬಂದು ಬಾಗಿಲು ತಟ್ಟಿದ.

"ಏನಾಯ್ತು ಹುಡುಗೀಗೆ? ಬೆಳಗ್ಗಿಂದ ಕಂಬಳಿ ತೊಟ್ಟಿಕ್ತಾ ಇದೆ, ಒಂದು ಬೈಗುಳ ಇಲ್ಲ. ಸುಮ್ನೆ ಬಟ್ಟೆ ತಗೊಂಡು ಒಳಗೆ ಹೋದ್ಲು. ಜ್ವರ ಗಿರ ಬಂದಿದ್ಯಾ?"

ವಿಷಯ ಹೇಳಿದೆ. ಅವನು ತಲೆಬಾಗಿಲಲ್ಲೇ ನಿಂತು ತಮ್ಮ ಮಂಡಳಿಯನ್ನು ಅತ್ಯಂತ ಶಿಷ್ಟವಾದ ನಗರದ ಭಾಷೆಯಲ್ಲಿ ಬೈದ. ಅದನ್ನು ಇಲ್ಲಿ ಬರೆಯುವಂತಿಲ್ಲ. ಶಿಷ್ಟ ಭಾಷೆಯಲ್ಲೂ ಅಂಥವು ಇಷ್ಟೊಂದಿವೆ ಎಂದು ನನಗೇ ತಿಳಿದಿರಲಿಲ್ಲ.

ಹೀಗಿರುವಾಗ ನನ್ನ ಅಣ್ಣ ಕೊಸ್ತಾದಿನ್ ಬೆಟ್ಟದಿಂದ ಬಂದಿಳಿದ. ಒಂದು ಕಾಲದಲ್ಲಿ ಊರ ಸಹಕಾರ ಸಂಘದ ಅಧ್ಯಕ್ಷನಾಗಿದ್ದವನು. ಕಾಲು ಊದಿಕೊಂಡಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವಸಂತದಲ್ಲಿ ಇಲ್ಲಿನ ಆಸ್ಪತ್ರೆಯಲ್ಲೇ ಮಾತ್ರೆ ಕೊಟ್ಟಿದ್ದರು, ಗುಣ ಕಂಡಿರಲಿಲ್ಲ. ಮತ್ತೆ ಕರೆದೊಯ್ದೆವು. ಅವನ ಚೀಲ ಹಿಡಿದು ಮೆಕ್‌ಲಿತ್ ಕೂಡ ಬಂದಳು. ಡಾಕ್ಟರು ಎಳೆಯ ಹುಡುಗ, ಒಳ್ಳೆಯವನು.

"ಔಷಧಿಯನ್ನು ನಿಯಮಿತವಾಗಿ ಸೇವಿಸುತ್ತಿದ್ದೀರಾ?"

"ಹೂಂ," ಎಂದ ಅಣ್ಣ.

"ಸೂಚಿಸಿದ ಪ್ರಮಾಣದಲ್ಲೇ?"

"ಹೂಂ."

"ಹಾಗಾದ್ರೆ ಈ ಮಾತ್ರೆ ಇವರಿಗೆ ಕೆಲಸ ಮಾಡ್ತಿಲ್ಲ," ಎಂದು ಡಾಕ್ಟರು ನನ್ನ ಕಡೆ ತಿರುಗಿದ. "ದಾಖಲು ಮಾಡ್ಕೊಂಡು ಬಲವಾದ ಇಂಜೆಕ್ಷನ್ ಶುರು ಮಾಡೋಣ."

ಗೋಡೆಗೊರಗಿ ನಿಂತಿದ್ದ ಮೆಕ್‌ಲಿತ್ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ನಮ್ಮ ಜನರ 'ಹೂಂ'ಗಳಲ್ಲಿ ಎಷ್ಟು ಬಗೆ ಎಂಬುದು ಅವಳಿಗೆ ಗೊತ್ತು. ತುಟಿ ಕಚ್ಚಿ ತಡೆದುಕೊಂಡಳು, ಆಗಲಿಲ್ಲ.

"ಮುತ್ಯಾ, ಇಲ್ಲಿ ನೋಡು. ಗುಳಿಗಿ ನುಂಗಿಯೋ ಇಲ್ಲೋ?"

"ಇಲ್ಲ."

"ಯಾಕ?"

"ಆಗ ಇದ್ದ ಡಾಕ್ಟರ್ 'ಮೌಖಿಕವಾಗಿ ಸೇವಿಸತಕ್ಕದ್ದು' ಅಂದ. ಮೌಖಿಕ ಅಂದ್ರ ಬಾಯಿಮಾತಿಂದು. ಬಾಯಿಮಾತಿನ ಆರ್ಡರಿಗೆ ಏನ್ ಕಿಮ್ಮತ್ತೈತಿ? ಸಂಘ ನಡಸಿದಂವ ನಾನು. ಲಿಖಿತ ಬರ್ಲಿ ಅಂತ ಕಾಯಾಕತ್ತೇನಿ."

"ಚೀಟಿ ಬರದು ಕೊಟ್ಟಿದ್ರಲ್ಲೋ!"

"ಅದು ಔಷಧ ಅಂಗಡಿಯಂವಗ ಬರದದ್ದು. ನನಗಲ್ಲ."

"ಮತ್ತ ಈಗ 'ಹೂಂ' ಅಂದಿ?"

"ಹುಡುಗ ಅಷ್ಟ್ ಚಂದಾಗಿ ಕೇಳಾಕತ್ತಿದ್ದ. ಇಲ್ಲಾ ಅಂದ್ರ ಬ್ಯಾಸರಾ ಮಾಡ್ಕೊಂತಾನ ಅಂತ."

"ಗುಳಿಗಿ ಅಂದ್ರ ಬಾಯಾಗ ಹಾಕ್ಕೊಂಡು ನುಂಗೂದು, ಮುತ್ಯಾ! ದಿನಾ ಮುಂಜಾನಿ. ಇಲ್ಲಂದ್ರ ನಾನ ಬಸ್ ಹತ್ತಿ ಬಂದು, ಮೂಗು ಹಿಡದು ನುಂಗಸ್ತೇನಿ. ಊರ ಮಂದಿ ಎಲ್ಲಾ ನೋಡ್ಲಿ!"

ಅಣ್ಣ ನನ್ನ ಕಡೆ ತಿರುಗಿ, ಬಹಳ ತೃಪ್ತಿಯಿಂದ ಕೇಳಿದ: "ಯಾರ ಮಗಳ ಇಕಿ? ನಮ್ಮ ಮ್ಯಾಲಿನ ಓಣಿಯಾಕಿ ಏನು?"

ಡಾಕ್ಟರು ಇಂಜೆಕ್ಷನ್ನಿನ ಮಾತು ಬಿಟ್ಟು, ಹಳೆಯ ಮಾತ್ರೆಯನ್ನೇ ನುಂಗಿಸಿ ನೋಡೋಣ ಎಂದ. ಆಮೇಲೆ ಅವಳನ್ನು ಕೇಳಿದ, "ನೀವು ಯಾವ ವರ್ಷದಲ್ಲಿದ್ದೀರಿ?"

ಮೆಕ್‌ಲಿತ್ ಒಂದು ತಪ್ಪೂ ಇಲ್ಲದ ಶಿಷ್ಟ ಭಾಷೆಯಲ್ಲಿ ಉತ್ತರಿಸಿದಳು: "ಎರಡನೆಯ ವರ್ಷ ಮುಗಿಸಿದ್ದೇನೆ, ಸರ್. ಮೂರನೆಯ ವರ್ಷಕ್ಕೆ ಬರಲಾರೆ. ನನಗೆ ಬಲ್ಗೇರಿಯನ್ ಬರುವುದಿಲ್ಲ."

ತಮಾಷೆಯೋ ಏನೋ ಎಂದು ಅವನು ನನ್ನ ಮುಖ ನೋಡಿದ. ನಾನು ನಗಲಿಲ್ಲ. ಅವನು ಕಿವಿ ತುರಿಸಿಕೊಂಡು, "ಪಕ್ಕದ ವಾರ್ಡಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರೂ ಎಲ್ಲದಕ್ಕೂ ಹೂಂ ಅಂತಾರೆ. ಒಂಚೂರು ಬರ್ತೀರಾ?" ಎಂದ. ಅವಳು ಚೀಲವನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಎಷ್ಟೋ ಹೊತ್ತಿನ ಮೇಲೆ ಬಂದಾಗ ಮೊದಲು ಆಡಿದ ಮಾತು, "ಆಯಿ, ಹಸಿವ್ಯಾಗೇತಿ."

ಇಂದಿಗೆ ಅಣ್ಣನ ಕಾಲಿನ ಊತ ಇಳಿಯುತ್ತ ಬಂದಿದೆ. ನಮ್ಮ ಬಾಲ್ಕನಿಯಲ್ಲೂ ಕೂಗಾಟ ಶುರುವಾಗಿದೆ. ಪೆಂಚೋ ಬೇಕೆಂದೇ ಕಂಬಳಿ ತೊಳೆಯುತ್ತಿದ್ದಾನೆ ಎಂಬ ಗುಮಾನಿ ನನಗಿದೆ.

ತಮ್ಮ ಶಿಷ್ಟ ಭಾಷೆ ಅವಳಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ನ್ಯಾಯಾಧೀಶರಿಗೂ ಹೊಟ್ಟೆ ಇರುತ್ತದೆ, ಅದೂ ನೋಯುತ್ತದೆ. ಅವರಿಗೆ 'ಬಟ್ಟಿಟ್ಟು ತೋರ್ಸು' ಎಂದರೆ ಕಷ್ಟ. ಅದನ್ನವಳು ಕಲಿತಿದ್ದಾಳೆ, ಇನ್ನೂ ಕಲಿಯುತ್ತಾಳೆ. ಆದರೆ ಬೆಟ್ಟದಿಂದ ಬಸ್ಸಿಳಿದು ಬರುವವರೂ ಈ ದೇಶದ ರೋಗಿಗಳೇ. ಅವರ ಬಾಯಿ ಬಿಡಿಸಬಲ್ಲ ಹುಡುಗಿಯನ್ನು, ಅವರ ಮಾತು ಬರುತ್ತದೆ ಎಂಬ ಕಾರಣಕ್ಕೇ ದೇಶದಾಚೆಗೆ ಕಳಿಸುವುದು ಯಾವ ಸೀಮೆಯ ನ್ಯಾಯ? ಅವಳು ಸಾವಿರಾರು ಮೈಲಿ ದಾಟಿ ನಮ್ಮ ಅಡುಗೆಮನೆಯವರೆಗೆ ಬಂದಳು. ಇದೇ ಊರಿನಲ್ಲಿರುವ ತಮಗೆ ಅಷ್ಟು ದೂರ ಬರಲು ಏನಡ್ಡಿ?

ಆದ್ದರಿಂದ ನನ್ನ ಬೇಡಿಕೆ: ಶರತ್ಕಾಲದ ಪ್ರವೇಶ ಮುಗಿಯುವ ಮೊದಲು ಮೆಕ್‌ಲಿತ್‌ಗೆ ಮರುಪರೀಕ್ಷೆ ನಡೆಸತಕ್ಕದ್ದು. ರೋಗಿಯಾಗಿ ಮೇಡಂ ಬೇಡ. ಅಣ್ಣ ಕೊಸ್ತಾದಿನ್ ತಾನೇ ಬರುತ್ತೇನೆಂದು ಮುಂದಾಗಿದ್ದಾನೆ. ಅವನು ಬೆಳಿಗ್ಗೆ ಏನು ತಿಂದ ಎಂಬುದನ್ನು ಮೊದಲು ತಮ್ಮ ಮಂಡಳಿ ವಿಚಾರಿಸಲಿ, ಆಮೇಲೆ ಅವಳು ವಿಚಾರಿಸಲಿ. ಯಾರಿಗೆ ನಿಜ ಹೊರಡುತ್ತದೋ ಅವರು ಪಾಸು.

ಪತ್ರವನ್ನು ಅವಳಿಗೆ ಓದಿ ಹೇಳಿದೆ. "ಆಯಿ, ಇಷ್ಟ್ ಉದ್ದ ಯಾಕ ಬರದಿ? 'ತಪ್ಪ್ ಮಾಡೀರಿ, ತಿದ್ಕೋರಿ' ಅಂದ್ರ ಮುಗೀತಿತ್ತಲ್ಲ" ಎಂದಳು. ನಾನು ಬರೆದದ್ದೂ ಅಷ್ಟೇ, ಮಾನ್ಯರೇ. ತಮ್ಮ ಭಾಷೆಗೆ ತಿರುಗಿಸುವಷ್ಟರಲ್ಲಿ ಇಷ್ಟುದ್ದವಾಯಿತು.

ಇಂತಿ,
ಮನೆಯೊಡತಿ ಎಂದು ಹೆಸರಿಗೆ ಮಾತ್ರ ಕರೆಸಿಕೊಂಡು, ಸ್ವಂತ ಮನೆಯಲ್ಲಿ ಬಾಡಿಗೆಯವಳಿಂದ ದಿನವೂ ಬೈಸಿಕೊಳ್ಳುವ ಭಾಗ್ಯವನ್ನು ಕಳೆದುಕೊಳ್ಳಲು ಸುತರಾಂ ಒಪ್ಪದ,
ಸೆವ್ದಾ ಚಾವುಷೆವಾ