ಒಗೆತದ ಕೋಣೆಯಲ್ಲಿ ಕ್ರಿಸ್ಮಸ್

ಡಿಸೆಂಬರ್ 26, ಮಧ್ಯಾಹ್ನ

ಮುದ್ದಿನ ಚಿಕ್ಕನಿಗೆ,

ನಿನ್ನ ಅಮ್ಮ ಮಾಡುವ ಆಶೀರ್ವಾದ. ಕ್ರಿಸ್ತನ ಶಾಂತಿ ನಿನ್ನ ಬಾಡಿಗೆ ಕೋಣೆಯಲ್ಲೂ ಇರಲಿ. ನಿನ್ನ ಕಾಗದ ಬಂದು ಏಳು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಕೆಲಸದ ನೆಪ ಹೇಳಬಹುದಿತ್ತು. ಆದರೆ ನಿಜ ಅದಲ್ಲ. ಕೂತಾಗಲೆಲ್ಲ ಎರಡು ಸಾಲು ಬರೆದು ಹರಿದು ಹಾಕಿದ್ದೇನೆ. ಕ್ಷಮಿಸು.

ಇಲ್ಲಿ ನಾವು ಇದ್ದೇವೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ಕೋಪ ಮಾತ್ರ ಕಡಿಮೆಯಾಗಿದೆ. ಅಂಚೆಯವನು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಾರೆ. ಕೇಳಿದರೆ "ಗಾಳಿಗೆ ನಿಂತಿದೀನಿ" ಅನ್ನುತ್ತಾರೆ. ನಾನು ಇನ್ನೂ ಆಸ್ಪತ್ರೆಯ ಒಗೆತದ ಕೋಣೆಯಲ್ಲೇ ಇದ್ದೇನೆ. ಎರಡು ಯಂತ್ರಗಳಲ್ಲಿ ಒಂದು ಕೆಟ್ಟಿದೆ. ಹೊಸ ಮೇಲ್ವಿಚಾರಕಿಗೆ ನಾವಿಟ್ಟ ಹೆಸರು ಗಡಿಯಾರದಮ್ಮ. ನಾವು ಮೂಗು ಒರೆಸಿಕೊಂಡರೂ ಗೋಡೆಯ ಗಡಿಯಾರ ನೋಡುತ್ತಾಳೆ.

ಆ ಅಪಘಾತದಲ್ಲಿ ನಿನ್ನಣ್ಣ ಹೋದ ಮೇಲೆ ಇದು ನಾಲ್ಕನೆಯ ಕ್ರಿಸ್ಮಸ್. ಹಿಂದಿನ ಮೂರಕ್ಕೂ ಹಬ್ಬದ ದಿನದ ಡ್ಯೂಟಿಯನ್ನು ನಾನೇ ಕೇಳಿ ಹಾಕಿಸಿಕೊಂಡೆ. ಜೊತೆಯವರೆಲ್ಲ ಪುಣ್ಯಾತ್ಗಿತ್ತಿ ಅಂದರು. ನಿಜವೆಂದರೆ ಚರ್ಚಿನಲ್ಲಿ ಎಲ್ಲರೂ ಕೂಡಿ ಪ್ರಾರ್ಥಿಸುವಾಗ, ಕ್ಷಮೆಯ ಮಾತು ಬರುವ ಕಡೆ ನನ್ನ ಬಾಯಿ ಕಟ್ಟುತ್ತಿತ್ತು. ನಿಮ್ಮಪ್ಪ ಒಬ್ಬರೇ ಹೋಗಿ ಬರುತ್ತಿದ್ದರು. ಈ ವರ್ಷವೂ ಅವರ ಅಂಗಿಗೆ ಗುಂಡಿ ಹಾಕಿಕೊಟ್ಟು ಬೆಳಿಗ್ಗೆ ಆರಕ್ಕೆಲ್ಲ ಕೆಲಸಕ್ಕೆ ಹೊರಟೆ.

ಅಲ್ಲಿ ನಡೆದದ್ದನ್ನು ನಿನಗಲ್ಲದೆ ಬೇರೆ ಯಾರಿಗೂ ಬರೆಯಲಾರೆ.

ಹತ್ತು ಗಂಟೆಯ ಹೊತ್ತಿಗೆ ಮಕ್ಕಳ ವಾರ್ಡಿನ ನರ್ಸು ಒಬ್ಬ ಹೆಂಗಸನ್ನೂ ಅವಳ ಗಂಡನನ್ನೂ ಕೆಳಗೆ ಕರೆತಂದಳು. ಅವರ ಹನ್ನೊಂದು ತಿಂಗಳ ಮಗಳು ಬೆಳಗಿನ ಜಾವ ತೀರಿಕೊಂಡಿದ್ದಳು. ಮನೆಯಿಂದ ತಂದಿದ್ದ ಹಳದಿ ಹೊದಿಕೆ, ಹಾಸಿಗೆ ಬದಲಿಸುವಾಗ ಆಸ್ಪತ್ರೆಯ ಬಟ್ಟೆಗಳೊಡನೆ ನಮ್ಮಲ್ಲಿಗೆ ಬಂದುಬಿಟ್ಟಿತ್ತು.

"ಒಗೀಬೇಡಿ," ಎಂದಳು ಹೆಂಗಸು. "ಅದರಲ್ಲಿ ಅವಳ ವಾಸನೆ ಇದೆ."

ನಾನು ಕೈಗವಸು ಹಾಕಿಕೊಂಡು ರಾಶಿಯ ಮುಂದೆ ಕೂತೆ. ರಕ್ತದ ಬೆಡ್‌ಶೀಟು, ವಾಂತಿಯ ಬೆಡ್‌ಶೀಟು, ಒಂದೊಂದನ್ನೇ ಬಿಡಿಸಿ ನೋಡಿದೆ. ಗಡಿಯಾರದಮ್ಮನೂ ಉಡುಪಿನ ತೋಳು ಮೇಲಕ್ಕೆ ಮಡಚಿಕೊಂಡು ಪಕ್ಕದಲ್ಲಿ ಕೂತು ಹುಡುಕಿದಳು. ರಾಶಿ ಮುಗಿಯಿತು. ತಲೆಯೆತ್ತಿದಾಗ, ತಿರುಗುತ್ತಿದ್ದ ಯಂತ್ರದ ಗಾಜಿನೊಳಗೆ ಹಳದಿ ಬಣ್ಣ ಹಾದುಹೋಯಿತು. ಅದನ್ನು ತುಂಬಿದವಳು ನಾನೇ, ಚಿಕ್ಕ. ನೋಡದೆ ತುಂಬಿದ್ದೆ.

ಹೊರತೆಗೆದಾಗ ಸೋಪಿನ ವಾಸನೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಅವಳು ಅದನ್ನು ಮೂಗಿಗೆ ಒತ್ತಿಕೊಂಡು ನೆಲಕ್ಕೆ ಕುಸಿದಳು. ನನ್ನನ್ನು ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಆದರೆ ಅವಳು ಗಂಡನ ಕಡೆ ತಿರುಗಿದಳು.

"ಮೊನ್ನೆನೇ ಆಸ್ಪತ್ರೆಗೆ ಹೋಗೋಣ ಅಂದೆ. ನೆಗಡಿ, ತಾನಾಗೇ ಹೋಗುತ್ತೆ ಅಂದೋರು ನೀವು. ನೀವೇ ಅವಳನ್ನ..."

"ಬೇಡ," ಎಂದೆ. ಅವಳೆದುರು ಕೂತು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. "ಆ ಮಾತು ಮುಗಿಸ್ಬೇಡ, ತಾಯಿ. ನಾನು ಮುಗಿಸ್ದೋಳು. ಒಬ್ಬ ಮಗ ಮಣ್ಣು ಸೇರಿದ. ಇನ್ನೊಬ್ಬನ್ನ ನಾನೇ ಕಳ್ಕೊಂಡೆ."

ಅವಳು ಮುಗಿಸಲಿಲ್ಲ. ಗಂಡನನ್ನು ಕ್ಷಮಿಸಿದಳೆಂದು ಹೇಳಲಾರೆ. ಅವನು ಹೊದಿಕೆಯ ಒಂದು ತುದಿ ಹಿಡಿದಾಗ ಕಿತ್ತುಕೊಳ್ಳಲಿಲ್ಲ, ಅಷ್ಟೇ. "ಒದ್ದೆ ಆಗಿದೆ, ಮಗೂಗೆ ಹೇಗೆ ಸುತ್ತೋದು?" ಎಂದು ಅವನು ನನ್ನನ್ನು ಕೇಳಿದ. ಸತ್ತ ಮಗುವಿಗೆ ಚಳಿಯಾದೀತೆಂದು ಅವನಿಗೆ ಭಯ. ಒಣಗಿಸಿ, ಬಿಟ್ಟುಹೋಗಿದ್ದ ಅಂಚಿಗೆ ಹೊಲಿಗೆ ಹಾಕಿ, ಇಸ್ತ್ರಿ ಮಾಡಿಕೊಟ್ಟೆ. ಬಿಸಿ ಆರುವ ಮೊದಲೇ ಅದನ್ನು ಮೇಲಕ್ಕೆ ಒಯ್ದರು.

ಕ್ರಿಸ್ತನ ತಾಯಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ದನದ ಗೋದಲಿಯಲ್ಲಿ ಮಲಗಿಸಿದಳೆಂದು ಹುಟ್ಟಿದಾಗಿನಿಂದ ಕೇಳುತ್ತಲೇ ಇದ್ದೇನೆ. ಮಾರನೆಯ ದಿನ ಆ ಬಟ್ಟೆಯನ್ನು ಯಾರೋ ಒಗೆದಿರಲೇಬೇಕು ಎಂಬುದು ನಿನ್ನೆಯಷ್ಟೇ ಹೊಳೆಯಿತು. ಬಹುಶಃ ಆಕೆಯೇ, ತಣ್ಣೀರಿನಲ್ಲಿ, ಬಾಣಂತಿ ಸೊಂಟ ಹಿಡಿದುಕೊಂಡು. ದೇವರು ಬಂದದ್ದು ಕೊಳೆಯಾಗುವ ಬಟ್ಟೆಯೊಳಕ್ಕೇ ಅಲ್ಲವೇ? ಇದರಿಂದ ಆ ಮಗು ಬದುಕಲಿಲ್ಲ, ನಿನ್ನಣ್ಣನೂ ಎದ್ದು ಬರುವುದಿಲ್ಲ. ಆದರೂ ಇಸ್ತ್ರಿ ಉಜ್ಜುತ್ತಾ, ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಪ್ರಾರ್ಥಿಸಿದೆ. ಕೈ ಜೋಡಿಸಲಿಲ್ಲ, ಎರಡೂ ಕೈಗೆ ಕೆಲಸವಿತ್ತು.

ಸಂಜೆ ಡ್ಯೂಟಿ ಮುಗಿಸಿ ಹಾಗೇ ಚರ್ಚಿಗೆ ಹೋದೆ. ಜನ ಹೋಗಿಯಾಗಿತ್ತು. ಪಾದ್ರಿಗಳು ಬೆಂಚುಗಳ ಸಂದಿಯಲ್ಲಿ ಕಸ ಗುಡಿಸುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಅವರು ಬುದ್ಧಿ ಹೇಳಲಿಲ್ಲ. "ನನಗೆ ಹೇಳಿದ್ದಾಯ್ತಲ್ಲಮ್ಮ, ಅವನಿಗೆ ಹೇಳಿದೀರಾ?" ಎಂದಷ್ಟೇ ಕೇಳಿದರು. ಹಾಗಾಗಿ ಈ ಕಾಗದ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಲಸದ ಜಾಗದಲ್ಲಿ ಎಲ್ಲದಕ್ಕೂ ತಲೆಯಾಡಿಸಬೇಡ. ನೀನು ಎಲ್ಲಿದ್ದರೂ ದೇವರು ನಿನ್ನ ಕೈ ಬಿಡದಿರಲಿ.

ನಿನ್ನ,
ಅಮ್ಮ

ಸಹಿ ಹಾಕಿದ ಮೇಲೆ: ಆ ಮಾತನ್ನು ಬರೆಯದೆ ಲಕೋಟೆ ಅಂಟಿಸಿದರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ. ಸಮಾಧಿಯ ಹತ್ತಿರ ಎಲ್ಲರೂ ಹೊರಟ ಮೇಲೆ, ಪಟ್ಟಿ ಕಟ್ಟಿದ ಕೈಯಲ್ಲೇ ನೀನು ನನ್ನನ್ನು ಎಬ್ಬಿಸಲು ಬಂದೆ. "ಗಾಡಿ ಓಡಿಸ್ತಿದ್ದೋನು ನೀನು. ಹೋಗ್ಬೇಕಾಗಿದ್ದೋನೂ ನೀನೇ" ಎಂದವಳು ನಾನು. ನೀನು ಅಳಲಿಲ್ಲ, ಜಗಳಕ್ಕೆ ಬರಲಿಲ್ಲ. ತಲೆ ತಗ್ಗಿಸಿ "ಹೌದಮ್ಮ" ಎಂದೆ. ಆಗ ನಾನು ಅಲ್ಲ ಎನ್ನಲಿಲ್ಲ. ಇಷ್ಟು ವರ್ಷವೂ ಎನ್ನಲಿಲ್ಲ. ಈಗ ಅನ್ನುತ್ತಿದ್ದೇನೆ. ಅಲ್ಲ, ಕಂದ. ಅಲ್ಲ.