ಏಳನೆಯ ಕುರ್ಚಿ

ನವೆಂಬರ್ 21, ಶನಿವಾರ

ಬೆಳಗಿನ ಶಿಫ್ಟ್. ಮೇಲಿನ ತಿರುವಿನಲ್ಲಿ ಮಂಜುಗಡ್ಡೆ. ಜಾರದಿರಲಿ ಅಂತ ಬಸ್ಸಿನ ಚಕ್ರಕ್ಕೆ ಸರಪಳಿ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಬಸ್ಸಿನಲ್ಲಿ ಮೆಂಗಿಯಾ ಚಿಕ್ಕಮ್ಮ ಒಬ್ಬಳೇ. ನನಗೆ ಸಂಬಂಧವೇನಿಲ್ಲ, ಕಣಿವೆಗೆಲ್ಲ ಅವಳು ಚಿಕ್ಕಮ್ಮ.

ಮಧ್ಯಾಹ್ನದ ರೈಲಿಗೆ ಮದ್ಲೈನಾ ಬಂದಳು. ನಾಳೆ ಸಂಜೆ ವಾಪಸ್. ಹಸುಗಳ ಡಾಕ್ಟರಾಗಿದ್ದ ನನ್ನ ಹೆಂಡತಿ ಸಂಸತ್ತಿಗೆ ಹೋಗಿ ಹನ್ನೆರಡು ವರ್ಷ. ಅಧಿವೇಶನ, ಸಮಿತಿ, ಪಕ್ಷದ ಸಭೆ... ರಾಜಧಾನಿ ಬರ್ನ್‌ನಲ್ಲಿ ಅವಳ ಓಟ, ಇಲ್ಲಿ ನನ್ನ ಒಂಟಿ ಊಟ.

ಆದರೆ ಈ ಡಿಸೆಂಬರೇ ಕೊನೆ. ಅಧಿವೇಶನ ಮುಗಿದ ದಿನ ರಾಜೀನಾಮೆ.

"ಹಸುಗಳೇ ವಾಸಿ ಕಣೋ ಗಿಯೇರಿ. ಒದ್ದರೂ ಎದುರಿಗೇ ಒದೀತವೆ" ಅಂದಳು.

ನವೆಂಬರ್ 27

ದೇಶಕ್ಕಿರುವ ಏಳೇ ಮಂತ್ರಿಗಳಲ್ಲಿ ಒಬ್ಬರು ಇಳಿಯುತ್ತಿದ್ದಾರಲ್ಲ, ಆ ಜಾಗಕ್ಕೆ ಮದ್ಲೈನಾಳ ಪಕ್ಷ ಇವತ್ತು ಎರಡು ಹೆಸರು ಕೊಟ್ಟಿತು. ಜ್ಯೂರಿಕ್‌ನ ಒಬ್ಬ ವಕೀಲ, ಬಾಸೆಲ್‌ನ ಒಬ್ಬ ಪ್ರೊಫೆಸರ್. ಇವಳನ್ನೂ ಕೇಳಿದ್ದರು. ಬೇಡ ಅಂದಳಂತೆ. ಕುರ್ಚಿ ಇವರ ಪಕ್ಷದ್ದು, ಆರಿಸುವುದು ಸಂಸತ್ತಿನ ಎಲ್ಲ ಪಕ್ಷದವರೂ ಸೇರಿ, ಚೀಟಿಯಲ್ಲಿ ಯಾರ ಹೆಸರು ಬೇಕಾದರೂ ಬರೆದು. ಮದುವೆ ನಮ್ಮನೆಯದು, ಗಂಡನ್ನು ಒಪ್ಪಬೇಕಾದವರು ಬೀದಿಯವರು!

ಊರಿನ ಅಧ್ಯಕ್ಷ ದೂರಿ ಬಸ್ ಹತ್ತಿದವನೇ ಜಗಳಕ್ಕೆ ನಿಂತ.

"ನಮ್ ಕಣಿವೆಯಿಂದ ಒಬ್ರಾದ್ರೂ ಸರ್ಕಾರದಲ್ಲಿ ಬೇಡ್ವೇನಯ್ಯಾ? ಊರ ಬ್ಯಾಂಡಿನೋರು ಮೆರವಣಿಗೆಗೆ ಅಂತ ಎರಡು ಹೊಸ ಹಾಡು ಕಲ್ತಿದಾರೆ!"

"ಯಾರಾದ್ರೂ ಸತ್ರೆ ನುಡಿಸಿ" ಅಂದೆ.

"ಆಯ್ತು, ಮೊದಲು ನಿನಗೇ ನುಡಿಸ್ತೀವಿ."

ಡಿಸೆಂಬರ್ 3

ಫೋನ್. ಜಿನೀವಾದ ಜಕ್ಕಾರ್ ಸಾಹೇಬರು. ಮದ್ಲೈನಾಳ ಎದುರು ಪಕ್ಷದ ಹಿರಿಯರು. ನನಗೆ ಯಾಕೆ?

"ಹಿಮ ಹೇಗಿದೆ ಗಿಯೇರಿಯವ್ರೇ?"

"ಬೆಳ್ಳಗಿದೆ ಸಾರ್."

ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಆ ಇಬ್ಬರೂ ನಮಗೆ ರುಚಿಸ್ತಾ ಇಲ್ಲ. ಹೀಗೇ ಮಾತಿಗೆ ಕೇಳ್ತೀನಿ... ಚೀಟಿ ಮೇಲೆ ನಾವು ಮದ್ಲೈನಾ ಅಂತ ಬರೆದ್ರೆ, ಅವ್ರು ಎದ್ದು ನಿಂತು ಬೇಡ ಅಂದ್ಬಿಡ್ತಾರಾ?"

ಅವಳನ್ನೇ ಕೇಳುವಂತಿಲ್ಲ. ಅವಳು ಹೂಂ ಅಂದರೆ ಸ್ವಂತ ಪಕ್ಷಕ್ಕೆ ಬೆನ್ನು ತೋರಿಸಿದ ಹಾಗೆ. ಅದಕ್ಕೇ ಮನೆಯವರಿಗೆ ಫೋನ್, ಹಿಮದ ವಿಚಾರಣೆ.

"ಬೇಡ ಅಂತಾಳೆ" ಅನ್ನಬೇಕಿತ್ತು. ನಾಲಿಗೆ ತುದಿಯಲ್ಲಿತ್ತು. ಆದರೆ ನಮ್ಮ ಕಣಿವೆಯಲ್ಲಿ ಇನ್ನೊಬ್ಬರ ಪರವಾಗಿ ಯಾರೂ ಬೇಡ ಅನ್ನುವುದಿಲ್ಲ. ಕಾಫಿಗೂ ಅನ್ನುವುದಿಲ್ಲ.

"ಅದನ್ನ ಅವಳೇ ಹೇಳ್ಬೇಕು ಸಾರ್" ಅಂದೆ.

"ಅರ್ಥ ಆಯ್ತು, ಅರ್ಥ ಆಯ್ತು!" ಖುಷಿಯಿಂದ ಫೋನ್ ಇಟ್ಟರು.

ಏನು ಅರ್ಥವಾಯಿತು? ಬೇಡ ಅನ್ನದಿದ್ದರೆ ಹೂಂ ಅಂತಲೇ? ಒಲೆಯ ಮೇಲಿನ ಬಾರ್ಲಿ ಗಂಜಿ ಹೊತ್ತಿಹೋಗಿತ್ತು. ಹಾಗೇ ತಿಂದೆ.

ಡಿಸೆಂಬರ್ 6, ಭಾನುವಾರ

ಬಂದಿದ್ದಾಳೆ. ಮೇಜಿನ ಮೇಲೆ ಕಿತ್ತಳೆ, ವಾಲ್‌ನಟ್. ಅವಳ ಹಸುಗಳ ಕ್ಲಿನಿಕ್‌ಗೆಂದು ತೆರವು ಮಾಡಿದ ಕೆಳಗಿನ ಕೋಣೆಯಲ್ಲಿ ಔಷಧಿಯ ಕಪಾಟು ಎಲ್ಲಿಡಬೇಕು ಅಂತ ಇಬ್ಬರೂ ವಾದ ಮಾಡಿದೆವು. ಗೆದ್ದವಳು ಅವಳು. ಸೋತಿದ್ದು ಎಷ್ಟು ಹಿತವಾಗಿತ್ತು! ಜನವರಿಯಿಂದ ದಿನಾ ಹೀಗೇ ಸೋಲಬಹುದು.

ಜಕ್ಕಾರ್ ವಿಷಯ ಹೇಳಲಿಲ್ಲ. ಇದನ್ನೆಲ್ಲ ಕೆಡಿಸುವುದು ಯಾಕೆ?

ಆದರೆ ಒಂದು. ಕಿತ್ತಳೆ ಸುಲಿಯುತ್ತ ಹಸುಗಳ ಬಗ್ಗೆ ಒಂದು ಮಾತಾಡಿದರೆ, ಬರ್ನ್ ಬಗ್ಗೆ ಹತ್ತು ಆಡಿದಳು. ಆಸ್ಪತ್ರೆಗಳ ಮಸೂದೆ ಯಾರ ಕೈಗೆ ಹೋಗುತ್ತೋ ಅನ್ನುವಾಗ ಕಣ್ಣಲ್ಲಿ ಒಂದು ಬೆಳಕು... ನಾನು ಸಿಪ್ಪೆ ಆರಿಸುತ್ತ ಕೂತೆ.

ಡಿಸೆಂಬರ್ 9, ಬುಧವಾರ. ಮೇಲಿನ ಸ್ಟಾಪ್

ರೇಡಿಯೋ ಹಾಕಿದ್ದೇನೆ. ಮಂತ್ರಿ ಆಯ್ಕೆಯ ಮತದಾನ, ಮೊದಲ ಸುತ್ತು. ವಕೀಲ ಮುಂದೆ, ಪ್ರೊಫೆಸರ್ ಹಿಂದೆ, ಯಾರ ಮತವೂ ಅರ್ಧ ದಾಟಿಲ್ಲ. "ಇತರರು" ಅಂತ ಒಂದಷ್ಟು ಚೀಟಿ. ಅದರಲ್ಲಿ ಇವಳ ಹೆಸರು.

"ಗಿಯೇರಿ, ನಿನ್ ಹೆಂಡ್ತಿ ಹೆಸರಲ್ವೇನೋ ಅದು?" ಮೆಂಗಿಯಾ ಚಿಕ್ಕಮ್ಮ.

"ಬೇರೆ ಯಾರೋ ಇರ್ಬೇಕು ಚಿಕ್ಕಮ್ಮ."

"ಬಸ್ ಓಡ್ಸೋನು ರಸ್ತೆ ನೋಡಿ ಸುಳ್ಳು ಹೇಳ್ಬೇಕು. ನೀನು ನನ್ ಮುಖ ನೋಡ್ತಿದೀಯ."

ಅದೇ ದಿನ, ಕೆಳಗಿನ ಸ್ಟಾಪ್

ಎರಡನೇ ಸುತ್ತಿನಲ್ಲಿ ಇವಳೇ ಎರಡನೆಯವಳು. ಮೂರನೆಯದರಲ್ಲಿ ಪ್ರೊಫೆಸರ್ ಹೊರಗೆ. ಬಸ್ಸಿನಲ್ಲಿ ಯಾರೂ ಇಳಿಯುತ್ತಿಲ್ಲ. ದೂರಿ ತನ್ನ ಸ್ಟಾಪ್ ಬಿಟ್ಟು ಎರಡು ಸಲ ಮೇಲೆ ಕೆಳಗೆ ಬಂದ. ಟಿಕೆಟ್ ಕೇಳಿದೆ.

"ಟಿಕೆಟ್ಟಾ? ನೀನು ಮಂತ್ರಿ ಗಂಡ ಕಣೋ!"

ನಾಲ್ಕನೇ ಸುತ್ತು. ಇವಳ ಮತ ಅರ್ಧ ದಾಟಿತು. ದೂರಿ ನನ್ನ ಟೋಪಿ ಕಿತ್ತು ಎಸೆದ. ನಾನು ಸ್ಟೀರಿಂಗ್ ಹಿಡಿದುಕೊಂಡೆ. ನಿಂತ ಬಸ್ಸಿನ ಸ್ಟೀರಿಂಗ್.

ಯೋಚಿಸಲು ಸ್ವಲ್ಪ ಸಮಯ ಬೇಕು ಅಂತ ಅವಳು ಕೇಳಿದಳಂತೆ. ಸಭೆಗೆ ವಿರಾಮ. ಅವಳ ಫೋನ್ ಬಂತು. ಹೊರಗೆ ಇಳಿದು, ಹಿಮದಲ್ಲಿ ನಿಂತೆ.

"ಗಿಯೇರಿ. ನಾನು ಒಪ್ತೀನಾ ಅಂತ ನಿನ್ನ ಯಾರಾದ್ರೂ ಕೇಳಿದ್ರಾ?"

"ಕೇಳಿದ್ರು."

"ಏನಂದೆ?"

ಹೇಳಿದೆ. ಅವಳ ಹಿಂದೆ ಯಾರೋ ಓಡಾಡುವ ಸದ್ದು, ಬಾಗಿಲುಗಳ ಸದ್ದು.

"ಬೇಡ ಅನ್ಬೇಕಿತ್ತಲ್ಲೋ, ಮಂಕೇ."

"ಈಗ ನೀನೇ ಅನ್ನು."

ಅನ್ನಲಿಲ್ಲ.

"ನೀನು ಬಾ ಅಂದ್ರೆ ಬಂದ್ಬಿಡ್ತೀನಿ. ಈಗ್ಲೇ. ಸಂಜೆ ರೈಲಿಗೆ."

ಬಾ. ಒಂದೇ ಅಕ್ಷರ. ಇಷ್ಟು ವರ್ಷ ಪ್ರತಿ ಭಾನುವಾರ ಸಂಜೆ ಪ್ಲಾಟ್‌ಫಾರ್ಮಿನಲ್ಲಿ ನುಂಗಿದ್ದು ಅದನ್ನೇ. ಇವತ್ತು ಬಾಯಿ ತೆರೆದರೆ ಸಾಕಿತ್ತು. ತೆರೆದೆ.

"ಬೆಚ್ಚಗೆ ಏನಾದ್ರೂ ಕುಡಿ. ದನಿ ಒಣಗಿದೆ. ದೇಶವೆಲ್ಲ ಕೇಳುತ್ತೆ" ಅಂದೆ.

ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಫೋನ್ ಕಟ್ಟಾಯಿತು.

ಈಗ ಡ್ರೈವರ್ ಸೀಟಿನಲ್ಲಿ. ಬಸ್ ಹೊರಡುವ ಹೊತ್ತು ದಾಟಿದೆ, ಯಾರೂ ಕೇಳುತ್ತಿಲ್ಲ. ರೇಡಿಯೋದಲ್ಲಿ ಸಭಾಧ್ಯಕ್ಷರು ಅವಳ ಹೆಸರು ಕರೆದು, ಆಯ್ಕೆಯನ್ನು ಒಪ್ಪುತ್ತೀರಾ ಅಂತ ಕೇಳಿದರು. ಕುರ್ಚಿ ಸರಿದ ಸದ್ದು. ಎದ್ದು ನಿಂತಿರಬೇಕು. ಮೆಲ್ಲಗೆ ಕೆಮ್ಮಿದಳು. ಈ ಕೆಮ್ಮು ನನಗೆ ಗೊತ್ತು. ಹೂಂ ಅನ್ನುವ ಮೊದಲು ಹೀಗೇ. ಚರ್ಚಿನಲ್ಲಿ, ಪಾದ್ರಿಯ ಮುಂದೆ, ನನ್ನ ಪಕ್ಕ ನಿಂತಾಗಲೂ ಹೀಗೇ ಒಂದು ಸಲ—