ಹದಿನಾಲ್ಕನೇ ನಡೆಯ ಕಾರ್ಡು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ನಕ್ಷೆರಾಯನಿಗೆ,

ನಿನ್ನ ಸೂಜಿಯ ನಮಸ್ಕಾರ. ಬರೆಯುವುದು ತಡವಾಯಿತು, ಬೈಯಬೇಡ. ಹೊಲಿಗೆ ಯಂತ್ರಗಳ ರಿಪೇರಿ ರಾಶಿ ಬಿದ್ದಿತ್ತು ಎಂದು ಸುಳ್ಳು ಹೇಳಬಹುದಿತ್ತು. ಈ ಇಪ್ಪತ್ತು ದಿನದಲ್ಲಿ ಬಂದಿದ್ದು ಎರಡೇ ಯಂತ್ರ. ಭಯವಾಗಿತ್ತು, ಅಷ್ಟೇ.

ಮೊದಲು ಒಳ್ಳೆಯ ಸುದ್ದಿ. ಹೋದ ವರ್ಷ ನೀನು ಕೊಟ್ಟ ಪುಸ್ತಕ, ದೊಡ್ಡ ದೊಡ್ಡ ಆಟಗಾರರ ಚದುರಂಗದ ಪಂದ್ಯಗಳದ್ದು, ನನ್ನ ಕೈ ತಿದ್ದುತ್ತಿದೆ. "ನಿನ್ನ ಆಟಕ್ಕೆ ಆರಂಭವೇ ಇಲ್ಲ ಕಣೋ. ಹತ್ತು ನಡೆಯೊಳಗೆ ನಿನ್ನ ರಾಜ ಬೀದಿಗೆ ಬಿದ್ದಿರ್ತಾನೆ. ಮೊದಲು ಈ ಒಂದು ಆಟ ಕಲಿ," ಎಂದು ಆ ಪುಟಕ್ಕೆ ಗುರುತಿನ ದಾರ ಇಟ್ಟು ಕೊಟ್ಟಿದ್ದೆಯಲ್ಲ, ಅದನ್ನೇ ಹಿಡಿದು ಕೂತಿದ್ದೇನೆ. ರಟ್ಟಿನಿಂದ ಪುಟ ಮುಚ್ಚುವುದು, ಬಿಳಿಯ ಮುಂದಿನ ನಡೆ ಊಹಿಸುವುದು, ಆಮೇಲೆ ರಟ್ಟನ್ನು ಒಂದು ಸಾಲು ಕೆಳಗೆ ಸರಿಸುವುದು. ಮೊದಮೊದಲು ಎಲ್ಲ ತಪ್ಪು. ಈಗ ಕುದುರೆ ಯಾಕೆ ಬೇಗ ಹೊರಡಬೇಕು, ನಡುವಿನ ಮನೆಗಳನ್ನು ಯಾಕೆ ಬಿಟ್ಟುಕೊಡಬಾರದು ಎಂಬುದು ತಲೆಗೆ ಇಳಿದಿದೆ.

ಕಾಗದಕ್ಕೊಂದು ನಡೆಯಂತೆ ಆಡುವ ನಮ್ಮ ಅಂಚೆ ಆಟಕ್ಕೂ ಅದೇ ಬಿಳಿಯ ನಡೆಗಳನ್ನು ಕಳಿಸುತ್ತಿದ್ದೆ, ಕದ್ದು ಮಾಡಿದ್ದಲ್ಲ. ಆದರೆ ನೀನೂ ಪುಸ್ತಕದ ಕಪ್ಪು ನಡೆಗಳನ್ನೇ ಕಳಿಸುತ್ತಿದ್ದೆ. ಆ ಆಟದಲ್ಲಿ ಕಪ್ಪು ಸೋಲುತ್ತದೆ. ನೀನು ಸೋಲೊಪ್ಪುವ ಪೈಕಿ ಅಲ್ಲ. ಏನೋ ಹುನ್ನಾರ ಇರಬೇಕು ಎಂದು ಕಾಯುತ್ತಿದ್ದೆ.

ಆಮೇಲೆ ಹೋದ ತಿಂಗಳ ಆ ಬುಧವಾರ. ಲಕೋಟೆಯಲ್ಲಿ ನಿನ್ನ ಹದಿಮೂರನೇ ನಡೆಯ ಕಾರ್ಡು, ಅದರ ಬೆನ್ನಿಗೆ ಅಂಟಿಕೊಂಡು ಇನ್ನೊಂದು. ಚಾಕುವಿನಿಂದ ಬಿಡಿಸಿದೆ. "೧೪. ನಿನ್ನ ಒಂಟೆ ನನ್ನ ಕುದುರೆಯನ್ನು ಹೊಡೆಯಿತು, ಸರಿ. ನನ್ನ ಕಾಲಾಳು ನಿನ್ನ ಒಂಟೆಯನ್ನು ಹೊಡೆಯುತ್ತದೆ." ನಾನಿನ್ನೂ ಒಂಟೆಯನ್ನು ಮುಟ್ಟಿಯೇ ಇರಲಿಲ್ಲ. ಅಂಗಡಿ ತುಂಬ ಬೆಳಕಿತ್ತು, ಹೊರಗೆ ಬಸ್ಸುಗಳ ಸದ್ದಿತ್ತು. ಆದರೂ ಎದ್ದು ದೀಪ ಹಾಕಿದೆ.

ನನ್ನವಳು ನೋಡಿ, "ಪುಸ್ತಕ ನೋಡ್ಕೊಂಡು ಮೊದಲೇ ಬರೆದಿಟ್ಟಿರ್ತಾರೆ. ಅದಕ್ಯಾಕೆ ಹೀಗೆ ಬೆವರ್ತೀರಿ?" ಎಂದಳು. ಸಮಾಧಾನವಾಯಿತು. ಹಳೆಯ ಕಾರ್ಡುಗಳನ್ನೆಲ್ಲ ಸಾಲಾಗಿ ಜೋಡಿಸಿದ ಮೇಲೆ ಅದೂ ಹೋಯಿತು. ಆರನೆಯದರಿಂದ ಮುಂದೆ ಯಾವುದಕ್ಕೂ ತಾರೀಖಿಲ್ಲ. ನಿನ್ನ ಕೆಮ್ಮು ಹೇಗಿದೆ ಎಂದು ಎಷ್ಟು ಸಲ ಕೇಳಿದ್ದೇನೆ, ಮಗಳ ಹೆರಿಗೆಯಾಯಿತು ಎಂದು ಬರೆದಿದ್ದೇನೆ. ಒಂದಕ್ಕೂ ಉತ್ತರವಿಲ್ಲ, ಬರೀ ನಡೆ. ನಕ್ಷೆ ಬರೆಯುವ ಕೈಯ ಆ ನೇರ ಅಕ್ಷರ ಕಾರ್ಡಿನಿಂದ ಕಾರ್ಡಿಗೆ ಸೊಟ್ಟಗಾಗುತ್ತ ಬಂದಿದೆ, ಒಂದೇ ಸಲ ಕೂತು ಬರೆದು ಕೈ ಸೋತ ಹಾಗೆ.

ನನ್ನ ಹದಿನಾಲ್ಕನೇ ನಡೆ ನಿನಗೆ ಗೊತ್ತೇ ಇದೆ. ಹದಿನೈದನೆಯದು: ಆನೆ, ನಿನ್ನ ರಾಜನ ಎದುರಿನ ಸಾಲಿಗೆ.

ಮೊಮ್ಮಗುವಿನ ಮೇಲೆ ನಿನ್ನ ಆಶೀರ್ವಾದ ಇರಲಿ. ನೀನು ಬೆಚ್ಚಗಿರು.

ನಿನ್ನ,
ಸೂಜಿ

ತಾ.ಕ.: ಇದು ನಿನಗೆ, ತಂಗಿ. ನಿನ್ನ ಅಣ್ಣನ ಹೆಸರಿಗೆ ಬರುವ ಕಾಗದ ಒಡೆಯುವವಳು ನೀನೇ ಎಂದು ಈಗ ಗೊತ್ತು. ಮೊನ್ನೆ ಫೋನಿನಲ್ಲಿ, "ಅವನು ಹೋಗಿ ಐದು ತಿಂಗಳಾಯ್ತು ಅಣ್ಣಾ. 'ಅವನಿಗೆ ಹೇಳ್ಬೇಡ. ಸೂಜಿ ಆ ಪುಸ್ತಕ ಬಿಟ್ಟು ಆಚೆ ಹೋಗಲ್ಲ, ಬರೆದಿಟ್ಟಿರೋ ಕಾರ್ಡುಗಳನ್ನ ಅವನ ಕಾಗದ ಬಂದ ಹಾಗೆ ಒಂದೊಂದೇ ಹಾಕು' ಅಂದಿದ್ದ" ಎಂದೆಯಲ್ಲ. ಹದಿನೈದಕ್ಕೆ ನನಗೇ ಒಂದು ನಡೆ ಹೊಳೆದಿದೆ. ಪುಸ್ತಕದಲ್ಲಿಲ್ಲ, ಅದರದ್ದಕ್ಕಿಂತ ಒಳ್ಳೆಯದು. ನಲವತ್ತು ವರ್ಷದಲ್ಲಿ ಮೊದಲ ಸಲ ನಾನಾಗಿ ಕಂಡುಕೊಂಡಿದ್ದು, ಅವನಿಗೆ ತೋರಿಸಬೇಕೆಂದು ಜೀವ ಒದ್ದಾಡುತ್ತಿದೆ. ಆದರೆ ಅದಕ್ಕೆ ಅವನು ಉತ್ತರ ಬರೆದಿಟ್ಟಿಲ್ಲ. ಮೇಲೆ ಬರೆದಿರುವುದು ಪುಸ್ತಕದ ನಡೆ. ಪುಸ್ತಕದ ಆಟದ ಲೆಕ್ಕದಲ್ಲಿ ನಿನ್ನ ಹತ್ತಿರ ಇನ್ನು ಹನ್ನೊಂದು ಕಾರ್ಡು ಇರಬೇಕು. ನಿಧಾನವಾಗಿ ಹಾಕು.